ಶಿಷ್ಯರಿಂದ ದೀಕ್ಷೆ ಪಡೆದ ಗುರು

ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಟ್ಟು ದೀಕ್ಷೆಯನ್ನು ಕರುಣಿಸುವುದು ಭಾರತೀಯ ಧರ್ಮಸಂಪ್ರದಾಯಗಳ ರೂಢಿ. ಶಿಷ್ಯರ ಮುಂದೆ ಗುರುವೇ ಕೈಮುಗಿದು ನಿಂತು ತನಗೂ ಆ ದೀಕ್ಷೆಯನ್ನು ದಯಪಾಲಿಸಬೇಕೆಂದು ಬೇಡಿದ ಪ್ರಸಂಗ ತೀರ ವಿರಳ. ಸೋದರಳಿಯನಾದ ಚೆನ್ನಬಸವಣ್ಣನನ್ನು ಬಸವಣ್ಣನವರು ಗುರುಭಾವದಿಂದ ಕಂಡರೆಂಬುದನ್ನು ಬಲ್ಲ ಶರಣಸಾಹಿತ್ಯದ ಓದುಗರಿಗೆ ಇದರ ಸ್ವಾರಸ್ಯವು ಬೇಗನೆ ಹೊಳೆಯದಿರದು. ಕ್ರಿ. ಶ. ೧೬೯೯ರ ವೈಶಾಖಿಯಂದು ಶಿವಾಲಿಕ ಬೆಟ್ಟಗಳ ತಪ್ಪಲಿನ ಆನಂದಪುರದಲ್ಲಿ ಸಿಖ್ಖರ ಹತ್ತನೆಯ ಗುರುಗಳಾದ ಗೋವಿಂದರಾಯರು ಐವರು ಶಿಷ್ಯರಿಗೆ ದೀಕ್ಷೆಯನ್ನಿತ್ತರು. ಅನಂತರ ಆ ಐವರೆದುರು ತಾವೇ ಮಂಡಿಯೂರಿ ಅದೇ ದೀಕ್ಷೆಯನ್ನು ಅವರ ಕೈಯಿಂದ ಪಡೆದು ಗೋವಿಂದಸಿಂಹರಾದರು. ಆ ಐವರಲ್ಲಿ ಒಬ್ಬನು ಬೀದರದವನು.

ಗೋವಿಂದಸಿಂಹರನ್ನು ಖಡ್ಗಧಾರಿಯಾದ ವೀರರೆಂದೂ ಮೊಗಲ ಸಾಮ್ರಾಜ್ಯವನ್ನು ಎದುರಿಸಿದ ಸೇನಾನಿಯೆಂದೂ ಸ್ಮರಿಸುವವರು ಬಹು ಮಂದಿ. ಅದು ಸುಳ್ಳಲ್ಲ. ಆದರೆ ಗೆದ್ದ ಕಾಳಗಗಳಿಂದ ಅವರ ಜೀವಿತವನ್ನು ಅಳೆಯಹೊರಟರೆ ಲೆಕ್ಕವು ದೊಡ್ಡದಾಗುವುದಿಲ್ಲ: ಕೋಟೆಗಳು ಹೋದುವು, ನಾಲ್ವರು ಮಕ್ಕಳೂ ಹೋದರು, ದೇಹವು ಹುಟ್ಟಿದೂರಿನಿಂದಲೂ ಬೆಳೆದೂರಿನಿಂದಲೂ ಬಹು ದೂರದ ಗೋದಾವರಿಯ ದಡದಲ್ಲಿ ಬಿದ್ದಿತು. ಅವರು ಬಿಡಿಸಿದ ತೊಡಕು ಬೇರೆ ಬಗೆಯದು. ಗುರುತ್ವವು ಒಬ್ಬ ವ್ಯಕ್ತಿಯ ದೇಹದಲ್ಲಿಯೇ ನೆಲೆಸತಕ್ಕದ್ದೆ? ಆ ವ್ಯಕ್ತಿ ಹೋದ ಬಳಿಕ ಅದು ಎಲ್ಲಿಗೆ ಹೋಗತಕ್ಕದ್ದು? ಈ ಪ್ರಶ್ನೆಗೆ ಅವರು ಮಾತಿನಲ್ಲಿ ಉತ್ತರ ಕೊಟ್ಟದ್ದು ಕಡಿಮೆ. ಬದುಕಿನಲ್ಲಿ ಕೊಟ್ಟದ್ದು ಹೆಚ್ಚು.

'ಸಿಖ್' ಎಂಬ ಮಾತು 'ಶಿಷ್ಯ' ಶಬ್ದದಿಂದಲೇ ಬಂದುದು. ಗುರು ನಾನಕರು (೧೪೬೯-೧೫೩೯) ತಮ್ಮ ಮಕ್ಕಳಿಬ್ಬರನ್ನೂ ಬಿಟ್ಟು ಶಿಷ್ಯನಾದ ಲೆಹಣಾನನ್ನು ಅಂಗದನೆಂಬ ಹೆಸರಿನಿಂದ ಉತ್ತರಾಧಿಕಾರಿಯನ್ನಾಗಿ ಮಾಡಿದರು. ಯೋಗ್ಯತೆಯನ್ನು ನೋಡಿ ಪೀಠವನ್ನು ಕೊಡುವ ಈ ಪದ್ಧತಿ ಬಹುಕಾಲ ನಿಲ್ಲಲಿಲ್ಲ. ನಾಲ್ಕನೆಯ ಗುರು ರಾಮದಾಸರ ತರುವಾಯ ಗುರುಪೀಠವು ಒಂದೇ ಮನೆತನದಲ್ಲಿ ಉಳಿಯಿತು. ಅದರ ಬೆನ್ನಿಗೇ ದಾಯಾದಿ ಕಲಹವೂ ಬಂದಿತು. ಐದನೆಯ ಗುರು ಅರ್ಜುನದೇವರಿಗೆ ಅವರ ಅಣ್ಣ ಪೃಥೀಚಂದನೇ ವೈರಿಯಾದನು. ಅರ್ಜುನದೇವರು ೧೬೦೪ರಲ್ಲಿ ಸಿದ್ಧಗೊಳಿಸಿದ ಆದಿಗ್ರಂಥದ ಮೂಲ ಪ್ರತಿಯನ್ನು ಮುಂದೆ ಅದೇ ವಂಶದ ಧೀರಮಲ್ಲನು ತನ್ನ ವಶದಲ್ಲಿಟ್ಟುಕೊಂಡು ತಾನೇ ಗುರುವೆಂದು ಸಾರಿಕೊಂಡನು. ೧೬೬೪ರಲ್ಲಿ ಎಂಟನೆಯ ಗುರುಗಳು ಬಾಲ್ಯದಲ್ಲಿಯೇ ಲಿಂಗೈಕ್ಯರಾದವರಂತೆ ಕಣ್ಮರೆಯಾದಾಗ ಬಕಾಲಾ ಗ್ರಾಮದಲ್ಲಿ ಇಪ್ಪತ್ತೆರಡು ಮಂದಿ ಗದ್ದುಗೆ ಹಾಕಿಕೊಂಡು ಕುಳಿತಿದ್ದರೆಂದು ಸಿಖ್ ಪರಂಪರೆ ಹೇಳುತ್ತದೆ. ಪಟ್ಟದ ವ್ಯಾಜ್ಯಗಳನ್ನು ಬಲ್ಲವರಿಗೆ ಈ ಕಥೆ ಹೊಸದೇನೂ ಅಲ್ಲ. ಆ ಗೊಂದಲದ ನಡುವೆ ಒಂಬತ್ತನೆಯ ಗುರುವಾಗಿ ನಿಂತವರು ತೇಗಬಹಾದುರರು. ಅವರ ಏಕಮಾತ್ರ ಪುತ್ರರೇ ಗೋವಿಂದರಾಯರು.

ಗೋವಿಂದರಾಯರು ಹುಟ್ಟಿದ್ದು ೧೬೬೬ರ ಡಿಸೆಂಬರ್ ೨೨ರಂದು, ಬಿಹಾರದ ಪಾಟನಾದಲ್ಲಿ. ತಂದೆ ಆಗ ಪೂರ್ವದೇಶಗಳ ಸಂಚಾರದಲ್ಲಿದ್ದರು. ತಾಯಿ ಗುಜರಿಯವರ ಆಸರೆಯಲ್ಲಿಯೇ ಮಗುವಿನ ಮೊದಲ ವರ್ಷಗಳು ಕಳೆದುವು. ಅನಂತರ ಕುಟುಂಬವು ಪಂಜಾಬಿಗೆ ಬಂದು, ಶತದ್ರು ನದಿಯ ಸಮೀಪದಲ್ಲಿ ತೇಗಬಹಾದುರರು ೧೬೬೫ರಲ್ಲಿ ಕಟ್ಟಿಸಿದ ನೆಲೆಯಲ್ಲಿ ನಿಂತಿತು. ಮುಂದೆ ಆನಂದಪುರವೆಂದು ಹೆಸರಾದುದು ಇದೇ. ೧೬೭೫ರಲ್ಲಿ ಕಾಶ್ಮೀರದ ಪಂಡಿತರು ಕೃಪಾರಾಮನ ನೇತೃತ್ವದಲ್ಲಿ ಅಲ್ಲಿಗೆ ಬಂದು, ಬಲಾತ್ಕಾರದ ಮತಾಂತರದಿಂದ ತಮ್ಮನ್ನು ಉಳಿಸಬೇಕೆಂದು ಮೊರೆಯಿಟ್ಟರು. ತೇಗಬಹಾದುರರು ದಿಲ್ಲಿಗೆ ಹೊರಟರು. ಆ ವರ್ಷದ ನವೆಂಬರ್ ೧೧ರಂದು ಚಾಂದನಿ ಚೌಕದಲ್ಲಿ ಅವರ ಶಿರಚ್ಛೇದವಾಯಿತು. ತಾವು ಧರಿಸದ ಜನಿವಾರದ ರಕ್ಷಣೆಗಾಗಿ ಒಬ್ಬ ಗುರು ಪ್ರಾಣ ಕೊಟ್ಟದ್ದು ಧರ್ಮೇತಿಹಾಸದಲ್ಲಿ ಸಾಮಾನ್ಯವಾದ ಘಟನೆಯಲ್ಲ.

ಆ ಶಿರಸ್ಸನ್ನು ಕಾವಲಿನವರ ಕಣ್ಣು ತಪ್ಪಿಸಿ ಆನಂದಪುರಕ್ಕೆ ತಂದವನು ಅಸ್ಪೃಶ್ಯನೆಂದು ಸಮಾಜವು ದೂರವಿಟ್ಟಿದ್ದ ರಂಗರೇಟ ಕುಲದ ಜೈತಾ. ದೇಹವನ್ನು ಕದ್ದೊಯ್ದು, ದಹನದ ಗುಟ್ಟು ಹೊರಬೀಳದಂತೆ ತನ್ನ ಮನೆಗೇ ಬೆಂಕಿಯಿಟ್ಟವನು ಲಖೀಶಾಹನೆಂಬ ಲಮಾಣಿ ವರ್ತಕ. ಒಂಬತ್ತು ವರ್ಷದ ಬಾಲಕನು ತಂದೆಯ ಶಿರಸ್ಸನ್ನು ಒಬ್ಬ ಅಂತ್ಯಜನ ಕೈಯಿಂದ ಸ್ವೀಕರಿಸಿದನು; ರಂಗರೇಟರು ಗುರುವಿನ ಮಕ್ಕಳೆಂದು ಹೇಳಿ ಜೈತಾನನ್ನು ಅಪ್ಪಿಕೊಂಡನೆಂಬುದು ಪ್ರತೀತಿ. ಇಪ್ಪತ್ತನಾಲ್ಕು ವರ್ಷಗಳ ಬಳಿಕ ವೈಶಾಖಿಯಂದು ನಡೆದುದರ ಬೀಜವನ್ನು ಇಲ್ಲಿ ಕಂಡರೆ ತಪ್ಪಾಗದು.

ತರುಣ ಗುರುಗಳು ಶಸ್ತ್ರವಿದ್ಯೆಯೊಡನೆ ಪಾರಸಿ, ಸಂಸ್ಕೃತ, ವ್ರಜಭಾಷೆಗಳನ್ನೂ ಕಲಿತರು. ೧೬೮೫ರಲ್ಲಿ ಸಿರಮೌರದ ರಾಜ ಮೇದಿನೀಪ್ರಕಾಶನ ಆಹ್ವಾನದ ಮೇರೆಗೆ ಯಮುನಾತೀರದ ಪಾಂವಟಾದಲ್ಲಿ ನೆಲೆಸಿದ ಮೂರು ವರ್ಷಗಳೇ ಅವರ ಬಾಳಿನ ಸುಖದ ಕಾಲವೆನ್ನಬಹುದು. ಐವತ್ತೆರಡು ಮಂದಿ ಕವಿಗಳು ಅವರ ಆಶ್ರಯದಲ್ಲಿದ್ದರೆಂದು ಪರಂಪರೆಯ ಎಣಿಕೆ. ಐವರು ಶಿಷ್ಯರನ್ನು ಸಂಸ್ಕೃತಾಧ್ಯಯನಕ್ಕಾಗಿ ಕಾಶಿಗೆ ಕಳುಹಿಸಿದರು. ಸಿಖ್ಖರಲ್ಲಿ ನಿರ್ಮಲರೆಂಬ ವಿದ್ವತ್ಪರಂಪರೆಯು ತನ್ನ ಮೂಲವನ್ನು ಇವರಲ್ಲಿಯೇ ಗುರುತಿಸಿಕೊಳ್ಳುತ್ತದೆ. ಶಸ್ತ್ರವನ್ನು ಹಿಡಿದವರ ಬಿಡಾರದಲ್ಲಿ ಶಾಸ್ತ್ರವೂ ಕಾವ್ಯವೂ ಹೀಗೆ ಬೆಳೆದುವೆಂಬುದನ್ನು ಮರೆಯಲಾಗದು.

ಎಲ್ಲ ಜಾತಿಯವರೂ ಒಂದೇ ಪಂಕ್ತಿಯಲ್ಲಿ ಉಣ್ಣುವ, ನಗಾರಿ ಬಾರಿಸಿ ಬೇಟೆಗೆ ಹೊರಡುವ ಈ ಗುರುವು ನೆರೆಯ ಬೆಟ್ಟದ ರಜಪೂತ ರಾಜರಿಗೆ ಸಹ್ಯರಾಗಲಿಲ್ಲ. ೧೬೮೮ರಲ್ಲಿ ಭಂಗಾಣಿಯೆಂಬಲ್ಲಿ ಅವರು ಕೂಡಿ ಮೇಲೆ ಬಿದ್ದರು. ಗುರುಗಳ ಕಡೆಯಲ್ಲಿದ್ದ ಪಠಾಣ ಕೂಲಿಸೈನಿಕರು ಯುದ್ಧದ ಮುನ್ನ ಕೈಬಿಟ್ಟು ಹೋದಾಗ ನೆರವಿಗೆ ಬಂದವರು ಸಢೌರಾದ ಮುಸಲ್ಮಾನ ಸಂತ ಪೀರ್ ಬುದ್ಧೂ ಶಾಹ. ಅವರು ಶಿಷ್ಯರೊಡನೆ ತಮ್ಮ ಮಕ್ಕಳನ್ನೂ ರಣದಲ್ಲಿ ನಿಲ್ಲಿಸಿ, ಮಕ್ಕಳನ್ನು ಕಳೆದುಕೊಂಡರು. ಗೋವಿಂದಸಿಂಹರ ಹೋರಾಟವನ್ನು ಹಿಂದೂ-ಮುಸಲ್ಮಾನರ ಕಾಳಗವೆಂದು ಚಿತ್ರಿಸುವವರು ಭಂಗಾಣಿಯ ರಣರಂಗವನ್ನು ಒಮ್ಮೆ ನೋಡಬೇಕು: ಎದುರಿಗಿದ್ದವರು ಹಿಂದೂ ರಾಜರು, ಪಕ್ಕದಲ್ಲಿ ನಿಂತವರು ಮುಸಲ್ಮಾನ ಪೀರರು.

ಗೆದ್ದ ಗುರುಗಳು ಆನಂದಪುರಕ್ಕೆ ಮರಳಿ ಸುತ್ತಲೂ ಕೋಟೆಗಳನ್ನು ಕಟ್ಟಿಸಿದರು. ಆದರೆ ಹೊರಗಿನ ಶತ್ರುವಿಗಿಂತ ಒಳಗಿನ ರೋಗವು ಅವರನ್ನು ಹೆಚ್ಚು ಕಾಡಿರಬೇಕು. ದೂರದೂರದ ಶಿಷ್ಯಸಮೂಹಗಳಿಂದ ಕಾಣಿಕೆಯನ್ನು ಸಂಗ್ರಹಿಸಿ ಗುರುಸನ್ನಿಧಿಗೆ ತಲಪಿಸಲು ಹಿಂದಿನ ಗುರುಗಳು ಮಸಂದರೆಂಬ ಪ್ರತಿನಿಧಿಗಳನ್ನು ನೇಮಿಸಿದ್ದರು. ಸಂಪಾದನೆಯ ದಶಮಾಂಶವನ್ನು ಧರ್ಮಕ್ಕೆ ಕೊಡುವುದು ಸಿಖ್ಖರ ನಿಯಮ. ಕಾಲ ಕಳೆದಂತೆ ಮಸಂದರು ಕಾಣಿಕೆಯನ್ನು ತಾವೇ ಉಂಡರು. ವಂಶಪಾರಂಪರ್ಯವಾಗಿ ಅಧಿಕಾರ ನಡೆಸಿದರು. ಬಡ ಶಿಷ್ಯರನ್ನು ಪೀಡಿಸಿ, ತಮಗೇ ಪಾದಪೂಜೆ ಮಾಡಿಸಿಕೊಂಡರು. ಗೋವಿಂದರಾಯರು ಆ ವ್ಯವಸ್ಥೆಯನ್ನೇ ಕಿತ್ತುಹಾಕಿದರು. ಶಿಷ್ಯರು ಇನ್ನು ಮುಂದೆ ನೇರವಾಗಿ ಗುರುವಿನವರು, ನಡುವೆ ಯಾರೂ ಇಲ್ಲ ಎಂದು ಸಾರಿದರು. 'ಖಾಲ್ಸಾ' ಎಂಬ ಹೆಸರಿನ ಅರ್ಥವೂ ಇಲ್ಲಿಯೇ ಇದೆ. ಅರಬ್ಬಿಯಲ್ಲಿ ಅದಕ್ಕೆ ಶುದ್ಧವೆಂದರ್ಥವಾದರೂ, ಮೊಗಲರ ಕಂದಾಯದ ಭಾಷೆಯಲ್ಲಿ ಜಹಗೀರುದಾರನ ಹಂಗಿಲ್ಲದೆ ನೇರವಾಗಿ ಅರಸನಿಗೆ ಸೇರಿದ ಭೂಮಿಗೆ ಆ ಹೆಸರು. ನಿಜಾಮರ ಸಂಸ್ಥಾನದಲ್ಲಿಯೂ ಅಂಥ ಗ್ರಾಮಗಳನ್ನು ಖಾಲ್ಸಾ ಎಂದೇ ಕರೆಯುತ್ತಿದ್ದರು. ಮಧ್ಯವರ್ತಿಯಿಲ್ಲದ ಶಿಷ್ಯನೇ ಖಾಲ್ಸಾ.

ಹೀಗಿರಲು ೧೬೯೯ರ ಮಾರ್ಚ್ ೩೦, ವೈಶಾಖಿಯ ದಿನ ಬಂದಿತು. ಗುರುವಿನ ಕರೆಗೆ ಓಗೊಟ್ಟು ಆನಂದಪುರದಲ್ಲಿ ಅಪಾರ ಜನಸ್ತೋಮ ನೆರೆದಿತ್ತು. ಗೋವಿಂದರಾಯರು ಹಿರಿದ ಖಡ್ಗವನ್ನು ಹಿಡಿದು ಸಭೆಯ ಮುಂದೆ ನಿಂತು, ತಲೆಯನ್ನು ಕೊಡಬಲ್ಲ ಶಿಷ್ಯನೊಬ್ಬನು ಬೇಕೆಂದು ಕೇಳಿದರು. ಸಭೆ ಸ್ತಬ್ಧವಾಯಿತು. ಕೊನೆಗೆ ಲಾಹೋರಿನ ಖತ್ರಿ ದಯಾರಾಮನು ಎದ್ದನು. ಅವನನ್ನು ಡೇರೆಯೊಳಗೆ ಕರೆದೊಯ್ದ ಗುರುಗಳು ನೆತ್ತರು ತೊಟ್ಟಿಕ್ಕುವ ಖಡ್ಗದೊಡನೆ ಮರಳಿ ಬಂದು ಮತ್ತೊಂದು ತಲೆಯನ್ನು ಕೇಳಿದರು. ಹಸ್ತಿನಾಪುರದ ಜಾಟ ಧರ್ಮದಾಸ, ಪುರಿಯ ನೀರು ಹೊರುವ ಹಿಮ್ಮತರಾಯ, ದ್ವಾರಕೆಯ ಬಟ್ಟೆಗೆ ಅಚ್ಚು ಹಾಕುವ ಮೊಹಕಮಚಂದ, ಬೀದರದ ಕ್ಷೌರಿಕ ಸಾಹಿಬಚಂದ ಹೀಗೆ ಒಬ್ಬೊಬ್ಬರಾಗಿ ಎದ್ದು ಹೋದರು. ತುಸು ಹೊತ್ತಿನಲ್ಲಿ ಐವರೂ ಹೊಸ ಉಡುಪಿನಲ್ಲಿ ಗುರುವಿನೊಡನೆ ಹೊರಗೆ ಬಂದರು. ಡೇರೆಯೊಳಗೆ ಆಡುಗಳನ್ನು ಕಡಿದಿದ್ದರೋ ಇಲ್ಲವೋ ಎಂದು ವಾದಿಸುವುದು ವ್ಯರ್ಥ. ಒಳಗೆ ಹೋದವರು ಮರಳಿ ಬರುವೆವೆಂದು ತಿಳಿದು ಹೋದವರಲ್ಲ, ಅಷ್ಟು ಸಾಕು.

ಈ ವೃತ್ತಾಂತದ ಬಗೆಗೆ ವಿಮರ್ಶಕರು ಎತ್ತಿರುವ ಮಾತೊಂದನ್ನು ಇಲ್ಲಿ ಹೇಳಬೇಕು. ಗುರುಗಳ ಆಸ್ಥಾನಕವಿಯಾಗಿದ್ದ ಸೇನಾಪತಿಯು ಸುಮಾರು ೧೭೧೧ರಲ್ಲಿ ಮುಗಿಸಿದ 'ಗುರುಶೋಭಾ' ಕಾವ್ಯವು ಖಾಲ್ಸಾದ ಸ್ಥಾಪನೆಯನ್ನೂ ಮಸಂದರ ನಿರಾಕರಣೆಯನ್ನೂ ಒತ್ತಿ ಹೇಳುತ್ತದೆ. ಐವರ ಶಿರೋಯಾಚನೆಯ ಕಥೆಯು ವಿವರವಾಗಿ ದೊರೆಯುವುದು ಅದರ ಅನಂತರದ ಕೃತಿಗಳಲ್ಲಿ. ಆದುದರಿಂದ ಡೇರೆಯ ಪ್ರಸಂಗದ ವಿವರಗಳಲ್ಲಿ ಭಕ್ತಿಯ ಬೆಳವಣಿಗೆ ಇರಬಹುದು. ಆದರೆ ಖಾಲ್ಸಾ ಹುಟ್ಟಿತೆಂಬುದೂ, ಖಡ್ಗದ ದೀಕ್ಷೆ ಆರಂಭವಾಯಿತೆಂಬುದೂ, ಅದರಿಂದ ಮೇಲ್ಕುಲದ ಅನೇಕರು ಸಿಟ್ಟಾದರೆಂಬುದೂ ಕಥೆಯಲ್ಲ, ಇತಿಹಾಸ.

ಆ ದೀಕ್ಷೆಯ ಸ್ವರೂಪವನ್ನು ಕೊಂಚ ನಿಂತು ನೋಡತಕ್ಕದ್ದು. ಅಂದಿನವರೆಗೆ ಸಿಖ್ಖನಾಗುವವನಿಗೆ 'ಚರಣ ಪಾಹುಲ್' ಕೊಡುವುದು ವಾಡಿಕೆಯಾಗಿತ್ತು. ಗುರುವಿನ ಪಾದವನ್ನು ತೊಳೆದ ನೀರನ್ನು ಶಿಷ್ಯನು ಸೇವಿಸುತ್ತಿದ್ದನು. ಅಷ್ಟಾವರಣಗಳಲ್ಲಿ ಪಾದೋದಕಕ್ಕಿರುವ ಸ್ಥಾನವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೂರದ ಊರುಗಳಲ್ಲಿ ಗುರುವಿನ ಬದಲು ಮಸಂದನೇ ಕಾಲನ್ನು ಮುಂದಿಡುತ್ತಿದ್ದನೆಂಬುದು ಆ ಪದ್ಧತಿಗೆ ಬಂದ ಕೇಡು. ಗೋವಿಂದರಾಯರು ಪಾದವನ್ನು ಹಿಂದಕ್ಕೆ ತೆಗೆದುಕೊಂಡರು. ಕಬ್ಬಿಣದ ಬೋಗುಣಿಯಲ್ಲಿ ನೀರು ತುಂಬಿ, ಗುರುವಾಣಿಯನ್ನು ಪಠಿಸುತ್ತ, ಇಬ್ಬಾಯಿಯ ಖಡ್ಗದಿಂದ ಅದನ್ನು ಕದಡಿದರು. ಅಷ್ಟರಲ್ಲಿ ಗುರುಪತ್ನಿ ಜೀತೋ ಅವರು ಬಂದು ಆ ನೀರಿಗೆ ಬತ್ತಾಸುಗಳನ್ನು ಹಾಕಿದರೆಂದೂ, ಕಬ್ಬಿಣದ ಕಾಠಿಣ್ಯಕ್ಕೆ ಮಾಧುರ್ಯವೂ ಕೂಡಿತೆಂದು ಗುರುಗಳು ಸಂತೋಷಪಟ್ಟರೆಂದೂ ಪ್ರತೀತಿ. ವ್ಯಕ್ತಿಯ ಪಾದದಲ್ಲಿದ್ದ ಪಾವಿತ್ರ್ಯವು ವಾಣಿಗೂ ಲೋಹಕ್ಕೂ ಬಂದಿತು. ಆ ಅಮೃತವನ್ನು ಐವರೂ ಒಂದೇ ಪಾತ್ರೆಯಿಂದ ಕುಡಿದರು. ಖತ್ರಿಯು ಕ್ಷೌರಿಕನ ಎಂಜಲನ್ನೂ ಕ್ಷೌರಿಕನು ಜಾಟನ ಎಂಜಲನ್ನೂ ಹೀಗೆ ಬಹಿರಂಗವಾಗಿ ಸ್ವೀಕರಿಸಿದ ಮೇಲೆ ಅವರ ಹಳೆಯ ಕುಲನಾಮಗಳಿಗೆ ಸ್ಥಳವಿರಲಿಲ್ಲ, ಐವರೂ 'ಸಿಂಹ'ರಾದರು. ಕೇಶ, ಬಾಚಣಿಗೆ, ಕಡಗ, ಚಲ್ಲಣ, ಕಿರುಗತ್ತಿ ಎಂಬ ಐದು ಲಾಂಛನಗಳು ಖಾಲ್ಸಾದ ಗುರುತಾದುವು. ಮರೆಯಲ್ಲಿ ಶಿಷ್ಯನಾಗಿದ್ದು ಆಪತ್ತಿನಲ್ಲಿ ಜಾರಿಕೊಳ್ಳುವ ದಾರಿ ಮುಚ್ಚಿತು.

ಅನಂತರ ನಡೆದುದೇ ಸಭೆಯನ್ನು ಬೆರಗುಗೊಳಿಸಿದುದು. ಗುರುಗಳು ಆ ಐವರ ಮುಂದೆ ಕೈಯೊಡ್ಡಿದರು. ತಲೆ ಕೊಡಲು ಬಂದವರಿಗೆ ಗುರುವಿಗೆ ದೀಕ್ಷೆ ಕೊಡುವ ಧೈರ್ಯ ಬರಲಿಲ್ಲವಂತೆ. ಒತ್ತಾಯಿಸಿದ ಮೇಲೆ ಕೊಟ್ಟರು. ಬೀದರದ ಕ್ಷೌರಿಕನೂ ಸೇರಿ ಕೊಟ್ಟ ದೀಕ್ಷೆಯಿಂದ ಗೋವಿಂದರಾಯರು ಗೋವಿಂದಸಿಂಹರಾದರು. ಬೀದರವು ಆಗ ಮೊಗಲರ ವಶದಲ್ಲಿತ್ತು. ೧೬೫೭ರಲ್ಲಿ ರಾಜಕುಮಾರನಾಗಿದ್ದ ಔರಂಗಜೇಬನೇ ಅದನ್ನು ಬಿಜಾಪುರದವರಿಂದ ಗೆದ್ದುಕೊಂಡಿದ್ದನು. ಗುರು ನಾನಕರು ಸಂಚಾರಕಾಲದಲ್ಲಿ ಬೀದರಕ್ಕೆ ಬಂದು, ನೀರಿಲ್ಲದ ನೆಲದಲ್ಲಿ ಸಿಹಿನೀರಿನ ಝರಿಯನ್ನು ಹೊಮ್ಮಿಸಿದರೆಂಬ ನಂಬಿಕೆಯು ನಾನಕ ಝಿರಾ ಕ್ಷೇತ್ರದ ಮೂಲ. ಆ ಝರಿಯ ಊರಿನಿಂದ ಆನಂದಪುರದವರೆಗೆ ನಡೆದುಹೋದ ಕ್ಷೌರಿಕನ ಹಾದಿಯನ್ನು ಯಾವ ದಫ್ತರವೂ ಬರೆದಿಟ್ಟಿಲ್ಲ. ಆದಿಗ್ರಂಥದಲ್ಲಿ ಸೈನನೆಂಬ ಕ್ಷೌರಿಕ ಸಂತನ ವಾಣಿಯೂ ಸೇರಿದೆಯೆಂಬುದನ್ನು ಅವನು ಎಂದಾದರೂ ಕೇಳಿ ಹಿಗ್ಗಿದ್ದಿರಬೇಕು.

ಖಾಲ್ಸಾದ ಹುಟ್ಟು ಬೆಟ್ಟದ ರಾಜರ ಭಯವನ್ನು ಹೆಚ್ಚಿಸಿತು. ಅವರು ಮೊಗಲ ಅಧಿಕಾರಿಗಳಿಗೆ ದೂರಿತ್ತರು. ಸರಹಿಂದದ ಫೌಜುದಾರ ವಜೀರಖಾನನ ಸೇನೆಯೂ ಬಂದು ಕೂಡಿತು. ನಡುವಿನ ಸಣ್ಣ ಕಾಳಗಗಳನ್ನು ಬಿಟ್ಟು ನೇರವಾಗಿ ಕೊನೆಯ ಮುತ್ತಿಗೆಗೆ ಬರಬಹುದು. ಬಹುಮಂದಿಯ ಎಣಿಕೆಯಂತೆ ಇದು ೧೭೦೫ರಲ್ಲಿ ನಡೆಯಿತು. ಒಂದು ವರ್ಷ ಹಿಂದೆ ಹಾಕುವವರೂ ಇದ್ದಾರೆ. ತಿಂಗಳುಗಟ್ಟಲೆ ಆನಂದಪುರಕ್ಕೆ ಅನ್ನವೂ ನೀರೂ ಇಲ್ಲದಾಯಿತು. ಆನಂದಪುರದ ಈ ಕಾಳಗಗಳಲ್ಲಿ ಕನ್ಹಯ್ಯನೆಂಬ ಶಿಷ್ಯನು ಗಾಯಗೊಂಡ ಶತ್ರುಗಳಿಗೂ ನೀರು ಕುಡಿಸುತ್ತಿದ್ದಾನೆಂದು ಉಳಿದವರು ದೂರಿದಾಗ, ತನಗೆ ಎಲ್ಲ ಮುಖಗಳಲ್ಲಿಯೂ ಗುರುವೇ ಕಾಣುತ್ತಾನೆಂದು ಅವನು ಬಿನ್ನವಿಸಿದನಂತೆ. ಗುರುಗಳು ಅವನ ಕೈಗೆ ಮುಲಾಮಿನ ಡಬ್ಬಿಯನ್ನೂ ಕೊಟ್ಟು ಕಳುಹಿಸಿದರು. ಇನ್ನೊಂದೆಡೆ, ಹಸಿವನ್ನು ತಾಳಲಾರದ ನಲವತ್ತು ಮಂದಿ, ತಾವು ಇನ್ನು ಶಿಷ್ಯರಲ್ಲ, ನೀವು ನಮಗೆ ಗುರುವಲ್ಲ ಎಂಬ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟು ಊರಿಗೆ ಹೊರಟರು. ಗುರುಗಳು ತಡೆಯಲಿಲ್ಲ, ಪತ್ರವನ್ನು ಮಡಚಿ ಇಟ್ಟುಕೊಂಡರು.

ಆ ವರ್ಷ ಚಕ್ರವರ್ತಿ ಎಲ್ಲಿದ್ದನೆಂದು ವಿಚಾರಿಸಿದರೆ ಕರ್ನಾಟಕದ ಓದುಗರಿಗೆ ಆಶ್ಚರ್ಯವಾದೀತು. ಎಂಬತ್ತೇಳರ ಹತ್ತಿರ ಬಂದಿದ್ದ ಔರಂಗಜೇಬನು ೧೭೦೫ರ ಫೆಬ್ರವರಿಯಿಂದ ಏಪ್ರಿಲಿನವರೆಗೆ ಸುರಪುರದ ಬೇಡ ನಾಯಕರ ವಾಗಿನಗೇರಿ ಕೋಟೆಯನ್ನು ಮುತ್ತಿ ಕುಳಿತಿದ್ದನು. ಕೋಟೆ ಬಿದ್ದಿತು, ನಾಯಕನು ಮಾತ್ರ ಕೈಗೆ ಸಿಗಲಿಲ್ಲ. ಅಲ್ಲಿಯೇ ಸಮೀಪದ ದೇವಾಪುರದಲ್ಲಿ ಬಿಡಾರ ಮಾಡಿದ ಚಕ್ರವರ್ತಿ ಕಾಯಿಲೆ ಬಿದ್ದು ಅಕ್ಟೋಬರದವರೆಗೂ ಕದಲಲಿಲ್ಲ. ಅನಂತರ ಪಲ್ಲಕ್ಕಿಯಲ್ಲಿ ಅಹಮದನಗರಕ್ಕೆ ಹೊರಟನು. ಅದೇ ಅವನ ಕೊನೆಯ ಪ್ರಯಾಣ. ಒಂದು ಸಾಮ್ರಾಜ್ಯವು ಕೃಷ್ಣೆಯ ಕಡೆಯ ಬೇಡರನ್ನೂ ಶತದ್ರುವಿನ ಕಡೆಯ ಸಿಖ್ಖರನ್ನೂ ಒಂದೇ ಕಾಲದಲ್ಲಿ ಅಡಗಿಸಹೊರಟು, ಎರಡೂ ಕಡೆ ಖಾಲಿಯಾದ ಕೋಟೆಗಳನ್ನಷ್ಟೇ ಗೆದ್ದಿತು.

ಕೋಟೆಯನ್ನು ಬಿಟ್ಟು ಹೋದರೆ ಯಾರೂ ತಡೆಯುವುದಿಲ್ಲವೆಂದು ಮೊಗಲರು ಕುರಾನಿನ ಮೇಲೂ ಬೆಟ್ಟದ ರಾಜರು ಗೋವಿನ ಮೇಲೂ ಆಣೆಯಿಟ್ಟರು. ಡಿಸೆಂಬರಿನ ಚಳಿಯಲ್ಲಿ ಗುರುಗಳು ಆನಂದಪುರವನ್ನು ಬಿಟ್ಟು ಹೊರಟ ರಾತ್ರಿಯೇ ಆ ಆಣೆಗಳು ಮುರಿದುವು. ಸಿರಸಾ ಹೊಳೆ ತುಂಬಿ ಹರಿಯುತ್ತಿತ್ತು. ದಾಟುವ ಗೊಂದಲದಲ್ಲಿ ಅನೇಕರು ಕೊಚ್ಚಿಹೋದರು. ವರ್ಷಗಳ ಶ್ರಮದ ಹಸ್ತಪ್ರತಿಗಳು ನೀರುಪಾಲಾದುವು. ವೃದ್ಧ ತಾಯಿ ಗುಜರಿಯವರೂ ಕಿರಿಯ ಮಕ್ಕಳಿಬ್ಬರೂ ಬೇರೆಯಾದರು. ಗುರುಗಳು ಹಿರಿಯ ಮಕ್ಕಳಿಬ್ಬರು ಮತ್ತು ಸುಮಾರು ನಲವತ್ತು ಶಿಷ್ಯರೊಡನೆ ಚಮಕೌರವನ್ನು ಸೇರಿ, ಮಣ್ಣಿನ ಗೋಡೆಯ ಒಂದು ಹವೇಲಿಯಲ್ಲಿ ನಿಂತರು.

ಚಮಕೌರದಲ್ಲಿ ನಡೆದುದನ್ನು ಕಾಳಗವೆನ್ನುವುದಕ್ಕಿಂತ ಆಹುತಿಯೆನ್ನುವುದು ಸರಿ. ಐದೈದು ಮಂದಿ ಹೊರಗೆ ಹೋಗುವುದು, ಬೀಳುವವರೆಗೆ ಕಾದುವುದು. ಹದಿನೆಂಟರ ಹರೆಯದ ಅಜಿತಸಿಂಹನು ತಂದೆಯ ಅಪ್ಪಣೆ ಬೇಡಿ ಹೋದನು. ಅವನು ಬಿದ್ದುದನ್ನು ಕಂಡು ಇನ್ನೂ ಮೀಸೆ ಮೂಡದ ಜುಝಾರಸಿಂಹನು ಹೋದನು. ಬೀದರದ ಸಾಹಿಬಸಿಂಹ, ಪುರಿಯ ಹಿಮ್ಮತಸಿಂಹ, ದ್ವಾರಕೆಯ ಮೊಹಕಮಸಿಂಹ ಮೂವರೂ ಅಲ್ಲಿಯೇ ಬಿದ್ದರು. ರಾತ್ರಿಯಾಗುವ ಹೊತ್ತಿಗೆ ಉಳಿದವರು ಬೆರಳೆಣಿಕೆಯಷ್ಟು. ಬೆಳಗಾದರೆ ತಾವೇ ಹೊರಡುವೆವೆಂದು ಗುರುಗಳು ನಿಶ್ಚಯಿಸಿದ್ದರು.

ಆಗ ಉಳಿದ ಶಿಷ್ಯರಲ್ಲಿ ಐವರು ಕೂಡಿ ನಿಂತು, ಗುರುಗಳು ಈ ರಾತ್ರಿಯೇ ಇಲ್ಲಿಂದ ಪಾರಾಗತಕ್ಕದ್ದು ಎಂದು ಹೇಳಿದರು. ಅದು ಬಿನ್ನಹವಲ್ಲ, ಆಜ್ಞೆ. ಐವರು ಸೇರಿದಲ್ಲಿ ಗುರುವಿದ್ದಾನೆಂದು ವೈಶಾಖಿಯಂದು ಒಪ್ಪಿದವರು ತಾವೇ ಅಲ್ಲವೆ? ಮಕ್ಕಳ ದೇಹಗಳು ಗೋಡೆಯಾಚೆ ಬಿದ್ದಿರುವಾಗ ತಂದೆಗೆ ಅಲ್ಲಿಂದ ನಡೆದುಹೋಗುವುದಕ್ಕಿಂತ ಸಾಯುವುದು ಸುಲಭವಾಗಿತ್ತು. ಗೋವಿಂದಸಿಂಹರು ಆಜ್ಞೆಗೆ ತಲೆಬಾಗಿದರು. ಮುಖಚಹರೆಯಲ್ಲಿ ಅವರನ್ನೇ ಹೋಲುತ್ತಿದ್ದ ಸಂಗತಸಿಂಹನು ಗುರುವಿನ ತುರಾಯಿಯನ್ನು ಧರಿಸಿ ಬೆಳಗಿನವರೆಗೆ ಹವೇಲಿಯಲ್ಲಿ ಕುಳಿತು ಪ್ರಾಣ ಕೊಟ್ಟನು. ಆನಂದಪುರದ ದೀಕ್ಷೆಯು ಕೇವಲ ಉತ್ಸವದ ಒಂದು ವಿಧಿಯಾಗಿರಲಿಲ್ಲವೆಂಬುದು ಸಿದ್ಧವಾದುದು ಚಮಕೌರದ ಆ ರಾತ್ರಿಯಲ್ಲಿ. ಇದನ್ನು ರಣಾಂಗಣದಿಂದ ಹಿಂಜರಿದುದೆಂದು ಬರೆದವರೂ ಉಂಟು; ಅಂಥವರು ಆಜ್ಞಾಪಾಲನೆಯ ಕಠಿಣತೆಯನ್ನು ಅರಿಯದವರು.

ಮಾಛಿವಾಡಾದ ಕಾಡಿನಲ್ಲಿ ಅಲೆದ ಗುರುಗಳನ್ನು ಗನಿಖಾನ್, ನಬಿಖಾನ್ ಎಂಬ ಪಠಾಣ ಸೋದರರು ನೀಲಿಯ ಉಡುಗೆ ತೊಡಿಸಿ, ಮುಸಲ್ಮಾನ ಪೀರರೆಂದು ಹೇಳಿ ಮಂಚದ ಮೇಲೆ ಹೊತ್ತು ಪಾರುಮಾಡಿದರು. ಅತ್ತ ಕಿರಿಯ ಮಕ್ಕಳಾದ ಜೋರಾವರಸಿಂಹ ಮತ್ತು ಫತೇಸಿಂಹರನ್ನು ವಜೀರಖಾನನು ಸರಹಿಂದದಲ್ಲಿ ಹಿಡಿದಿಟ್ಟಿದ್ದನು. ಹಿರಿಯವನಿಗೆ ಒಂಬತ್ತು ವರ್ಷ. ಕಿರಿಯವನು ಅವನಿಗಿಂತ ಚಿಕ್ಕವನು. ಮತವನ್ನು ಬಿಡಲೊಪ್ಪದ ಆ ಮಕ್ಕಳನ್ನು ಜೀವಂತವಾಗಿ ಗೋಡೆಯಲ್ಲಿ ಕಟ್ಟಿಸಿ ಕೊಲ್ಲಿಸಿದನೆಂಬುದು ಪರಂಪರೆಯ ಮಾತು. ಅಜ್ಜಿಯೂ ಅಲ್ಲಿಯೇ ಪ್ರಾಣ ಬಿಟ್ಟರು. ಆ ಸಭೆಯಲ್ಲಿ ಅದನ್ನು ಅಧರ್ಮವೆಂದು ಪ್ರತಿಭಟಿಸಿದವನು ಮಲೇರಕೋಟಲಾದ ನವಾಬ ಶೇರ್ ಮಹಮ್ಮದ್ ಖಾನನೊಬ್ಬನೇ. ೧೯೪೭ರ ದೇಶವಿಭಜನೆಯ ಕಾಲದಲ್ಲಿ ಪಂಜಾಬೆಲ್ಲ ಹೊತ್ತಿ ಉರಿದಾಗ ಮಲೇರಕೋಟಲಾದ ಮುಸಲ್ಮಾನರಿಗೆ ಕೇಡಾಗಲಿಲ್ಲ. ಇನ್ನೂರ ನಲವತ್ತು ವರ್ಷಗಳ ಹಿಂದಿನ ಆ ಒಂದು ಮಾತನ್ನು ಸಿಖ್ಖರು ಮರೆತಿರಲಿಲ್ಲ.

ದೀನಾ ಎಂಬ ಹಳ್ಳಿಯಲ್ಲಿ ಗುರುಗಳು ಔರಂಗಜೇಬನಿಗೆ ಪಾರಸಿ ಪದ್ಯಗಳಲ್ಲಿ ಒಂದು ಪತ್ರವನ್ನು ಬರೆದರು. 'ಜಫರನಾಮಾ', ಅಂದರೆ ವಿಜಯಪತ್ರವೆಂದು ಅದರ ಹೆಸರು. ಕೋಟೆಯೂ ಇಲ್ಲದ, ಸೇನೆಯೂ ಇಲ್ಲದ, ಮಕ್ಕಳನ್ನೂ ಕಳೆದುಕೊಂಡ ಒಬ್ಬನು ವಿಜಯದ ಹೆಸರಿಟ್ಟು ಚಕ್ರವರ್ತಿಗೆ ಬರೆಯುವುದೆಂದರೆ ಏನು? ಪತ್ರದ ಮುಖ್ಯ ಆರೋಪ ಮಕ್ಕಳ ಕೊಲೆಯದಲ್ಲ, ಆಣೆ ಮುರಿದುದರದು. ದೇವರ ಹೆಸರಿನಲ್ಲಿ ಕೊಟ್ಟ ಮಾತನ್ನು ಮುರಿದವನು ಧರ್ಮನಿಷ್ಠನಾಗಲಾರನೆಂದು, ಚಕ್ರವರ್ತಿ ಯಾವ ಹಿರಿಮೆಯನ್ನು ಮೆರೆಸುತ್ತಿದ್ದನೋ ಆ ಮರ್ಮಕ್ಕೇ ಅದು ನಾಟುತ್ತದೆ. ಐವರಲ್ಲಿ ಬದುಕುಳಿದಿದ್ದ ದಯಾಸಿಂಹ ಧರ್ಮಸಿಂಹರೇ ಪತ್ರವನ್ನು ದಕ್ಷಿಣಕ್ಕೆ ಹೊತ್ತರು. ಚಕ್ರವರ್ತಿಯಿಂದ ಭೇಟಿಗೆ ಕರೆ ಬಂದಿತು. ಗುರುಗಳು ಹೊರಟಿದ್ದಾಗಲೇ, ೧೭೦೭ರ ಆರಂಭದಲ್ಲಿ, ಔರಂಗಜೇಬನು ಅಹಮದನಗರದಲ್ಲಿ ತೀರಿಕೊಂಡನು.

ಇದಕ್ಕೆ ಮೊದಲೇ ಖಿದರಾಣಾದ ಕೆರೆಯ ಬಳಿ ಇನ್ನೊಂದು ಕಾಳಗ ನಡೆದಿತ್ತು. ಪತ್ರ ಬರೆದುಕೊಟ್ಟು ಹೋಗಿದ್ದ ಆ ನಲವತ್ತು ಮಂದಿಯನ್ನು ಮಾಯಿ ಭಾಗೋ ಎಂಬ ಹೆಂಗಸು ಹಂಗಿಸಿ, ತಾನೇ ಗಂಡುಡುಗೆ ತೊಟ್ಟು ಈಟಿ ಹಿಡಿದು ಮುಂದೆ ನಿಂತು ಕರೆತಂದಿದ್ದಳು. ಗುರುವಿನ ಬೆನ್ನಟ್ಟಿ ಬಂದ ಸೇನೆಯನ್ನು ಅವರು ತಡೆದು ಅಲ್ಲಿಯೇ ಮಡಿದರು. ಕೊನೆಯುಸಿರೆಳೆಯುತ್ತಿದ್ದ ಮಹಾಸಿಂಹನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುರುಗಳು ಏನು ಬೇಕೆಂದು ಕೇಳಿದಾಗ, ಆ ಪತ್ರವನ್ನು ಹರಿದುಹಾಕಬೇಕೆಂದಷ್ಟೇ ಅವನು ಬೇಡಿದನು. ಆನಂದಪುರ, ಸಿರಸಾ, ಚಮಕೌರ, ಮಾಛಿವಾಡಾಗಳನ್ನು ದಾಟಿ ಬಂದ ಆ ಹಾಳೆಯು ಗುರುವಿನ ಬಳಿಯಲ್ಲಿಯೇ ಇತ್ತು. ಹರಿದುಹಾಕಿದರು. ಖಿದರಾಣಾ ಅಂದಿನಿಂದ ಮುಕ್ತಸರವಾಯಿತು.

ತಲವಂಡಿ ಸಾಬೋದಲ್ಲಿ ಗುರುಗಳು ಕೆಲಕಾಲ ನಿಂತು ಆದಿಗ್ರಂಥವನ್ನು ಮತ್ತೆ ಬರೆಸಿದರು. ಮೂಲಪ್ರತಿಯನ್ನು ಧೀರಮಲ್ಲನ ವಂಶದವರು ಕೊಡದಿರಲಾಗಿ ನೆನಪಿನಿಂದಲೇ ಹೇಳಿ, ಮಣಿಸಿಂಹನ ಕೈಯಲ್ಲಿ ಬರೆಸಿದರೆಂದೂ, ತಂದೆ ತೇಗಬಹಾದುರರ ವಾಣಿಯನ್ನು ಅದರಲ್ಲಿ ಸೇರಿಸಿದರೆಂದೂ ಸಂಪ್ರದಾಯ. ಇಲ್ಲಿ ಗಮನಿಸತಕ್ಕ ವಿಷಯವೆಂದರೆ, ಸ್ವತಃ ಕವಿಗಳಾಗಿದ್ದ ಗೋವಿಂದಸಿಂಹರು ತಮ್ಮ ರಚನೆಗಳಿಗೆ ಅದರಲ್ಲಿ ಸ್ಥಾನ ಕೊಡಲಿಲ್ಲ. ಅವರ ಹೆಸರಿನ ಕೃತಿಗಳು 'ದಶಮ ಗ್ರಂಥ'ವೆಂದು ಬೇರೆಯಾಗಿ ಸಂಕಲನಗೊಂಡುವು. ಅದರಲ್ಲಿ ಯಾವುದು ಅವರದು, ಯಾವುದು ಆಸ್ಥಾನಕವಿಗಳದು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆತ್ಮಕಥನ ರೂಪದ 'ಬಚಿತ್ರ ನಾಟಕ'ದಲ್ಲಿ ತಮ್ಮನ್ನು ಪರಮೇಶ್ವರನೆಂದು ಕರೆಯುವವರಿಗೆ ನರಕದ ಎಚ್ಚರಿಕೆಯನ್ನೇ ಕೊಟ್ಟಿರುವುದುಂಟು.

ದಕ್ಷಿಣಕ್ಕೆ ಬರುವ ಹಾದಿಯಲ್ಲಿ ರಾಜಸ್ಥಾನದ ನರಾಯಣಾದಲ್ಲಿ ಸಂತ ದಾದೂದಯಾಲರ ಗದ್ದುಗೆಗೆ ಗುರುಗಳು ಬಾಣವನ್ನು ಬಾಗಿಸಿ ನಮಸ್ಕರಿಸಿದರಂತೆ. ಸಮಾಧಿಪೂಜೆ ಖಾಲ್ಸಾಕ್ಕೆ ನಿಷಿದ್ಧವೆಂದು ಬೋಧಿಸಿದವರೇ ಹೀಗೆ ಮಾಡಬಹುದೆ ಎಂದು ಶಿಷ್ಯರು ತಡೆದು ಕೇಳಿದರು. ಅವರ ಎಚ್ಚರವನ್ನು ಪರೀಕ್ಷಿಸಲೆಂದೇ ಹಾಗೆ ಮಾಡಿದೆನೆಂದು ಗುರುಗಳು ನಕ್ಕರೂ, ಶಿಷ್ಯರು ವಿಧಿಸಿದ ದಂಡವನ್ನು ತೆತ್ತ ಮೇಲೆಯೇ ಮುಂದೆ ನಡೆದರು.

ಔರಂಗಜೇಬನ ಮಗ ಬಹಾದುರಶಾಹನು ಗುರುಗಳನ್ನು ೧೭೦೭ರಲ್ಲಿ ಆಗ್ರಾದಲ್ಲಿ ಗೌರವಿಸಿದನು. ಅವನ ದಂಡಿನೊಡನೆಯೇ ಅವರು ದಕ್ಷಿಣಕ್ಕೆ ಬಂದರು. ವಜೀರಖಾನನಿಗೆ ಶಿಕ್ಷೆಯಾದೀತೆಂಬ ನಿರೀಕ್ಷೆಯಿದ್ದಿರಬಹುದು, ಅದು ಕೈಗೂಡಲಿಲ್ಲ. ೧೭೦೮ರಲ್ಲಿ ಗೋದಾವರಿಯ ದಡದ ನಾಂದೇಡದಲ್ಲಿ ಮಾಧೋದಾಸನೆಂಬ ಬೈರಾಗಿಯನ್ನು ಶಿಷ್ಯನನ್ನಾಗಿ ಮಾಡಿಕೊಂಡು, ಬಂದಾಸಿಂಹನೆಂಬ ಹೆಸರಿನಿಂದ ಪಂಜಾಬಿಗೆ ಕಳುಹಿಸಿದರು. ಅಷ್ಟರಲ್ಲಿ ವಜೀರಖಾನನು ಕಳುಹಿಸಿದನೆನ್ನಲಾದ ಪಠಾಣನೊಬ್ಬನು ವಿಶ್ರಮಿಸುತ್ತಿದ್ದ ಗುರುಗಳನ್ನು ಇರಿದನು. ಹೊಲಿದ ಗಾಯವು ಬಿಗಿಯಾದ ಬಿಲ್ಲನ್ನು ಎಳೆದಾಗ ಬಿಚ್ಚಿತು. ಕೊನೆಯ ಗಳಿಗೆಯಲ್ಲಿ ಶಿಷ್ಯರು ಮುಂದಿನ ಗುರು ಯಾರೆಂದು ಕೇಳಿದರು. ಗುರುಗಳು ಆದಿಗ್ರಂಥವನ್ನು ತರಿಸಿ, ಅದರ ಮುಂದೆ ಕಾಣಿಕೆಯನ್ನಿಟ್ಟು ತಲೆಬಾಗಿದರು. ಇನ್ನು ವಾಣಿಯೇ ಗುರು, ಖಾಲ್ಸಾವೇ ಅದರ ದೇಹವೆಂದು ನುಡಿದರು. ೧೭೦೮ರ ಅಕ್ಟೋಬರ್ ೭ರಂದು ಅವರು ದೇಹವನ್ನು ಬಿಟ್ಟಾಗ ವಯಸ್ಸು ನಲವತ್ತೆರಡು ತುಂಬಿರಲಿಲ್ಲ.

ಮಕ್ಕಳು ಉಳಿದಿರಲಿಲ್ಲ, ಆದುದರಿಂದ ಗ್ರಂಥಕ್ಕೆ ಪಟ್ಟ ಕಟ್ಟಿದರೆಂದು ಹೇಳುವವರಿದ್ದಾರೆ. ಗ್ರಂಥದ ಗುರುತ್ವವು ಆ ದಿನದ ಘೋಷಣೆಯಲ್ಲ, ಮುಂದಿನ ಶತಮಾನದ ಬೆಳವಣಿಗೆಯೆಂದು ಶಂಕಿಸಿದ ವಿದ್ವಾಂಸರೂ ಇದ್ದಾರೆ. ಎರಡನೆಯ ಶಂಕೆಗೆ ಸೇನಾಪತಿಯ ಕಾವ್ಯದ ಸಾಕ್ಷ್ಯವು ಸಾಕಷ್ಟು ಉತ್ತರ ಕೊಡುತ್ತದೆ. ಮೊದಲನೆಯದಕ್ಕೆ ಉತ್ತರವು ಅವರ ಬಾಳಿನಲ್ಲಿಯೇ ಇದೆ. ನಾಲ್ವರು ಮಕ್ಕಳೂ ಬದುಕಿದ್ದ ೧೬೯೯ರಲ್ಲಿಯೇ ಅವರು ಪಾದವನ್ನು ಹಿಂದೆಗೆದು ಐವರ ಮುಂದೆ ಕೈಯೊಡ್ಡಿದ್ದರು. ಬಂದಾಸಿಂಹನನ್ನು ಕಳುಹಿಸಿದಾಗಲೂ ಸೇನಾಪತ್ಯವನ್ನು ಕೊಟ್ಟರೇ ಹೊರತು ಗುರುತ್ವವನ್ನು ಕೊಡಲಿಲ್ಲ.

ಪಂಥಕ್ಕೆ ಇದು ಸುಲಭವಾಗಿ ಜೀರ್ಣವಾಗಲಿಲ್ಲವೆಂಬುದೂ ನಿಜ. ಬಂದಾಸಿಂಹನು ೧೭೧೦ರಲ್ಲಿ ಸರಹಿಂದವನ್ನು ಗೆದ್ದು, ವಜೀರಖಾನನು ಹತನಾಗಿ, ಗುರುಗಳ ಹೆಸರಿನಲ್ಲಿ ನಾಣ್ಯವೂ ಹೊರಟಿತು. ೧೭೧೬ರಲ್ಲಿ ದಿಲ್ಲಿಯಲ್ಲಿ ಅವನು ಘೋರ ಹಿಂಸೆಯಿಂದ ಕೊಲ್ಲಲ್ಪಟ್ಟ ಬಳಿಕ ಅವನನ್ನೇ ಗುರುವೆಂದು ನಂಬಿದವರ ಒಂದು ಬಣ ಎದ್ದಿತು. ೧೭೨೧ರಲ್ಲಿ ಅಮೃತಸರದಲ್ಲಿ ಎರಡು ಬಣಗಳೂ ಕೈಮಿಲಾಯಿಸುವ ಹಂತ ತಲಪಿದಾಗ ವೃದ್ಧ ಮಣಿಸಿಂಹನು ಎರಡು ಚೀಟಿಗಳನ್ನು ಸರೋವರದಲ್ಲಿ ಬಿಟ್ಟು, ತೇಲಿ ಉಳಿದ ಚೀಟಿಯ ಕಡೆಗೆ ತೀರ್ಪಿತ್ತನು. ಬಂದಾನ ಬಣದ ಹಲವರು ಅದನ್ನು ಒಪ್ಪಿ ಖಾಲ್ಸಾದಲ್ಲಿ ಬೆರೆತರು. ವ್ಯಕ್ತಿಗುರುವಿನ ಆಸೆ ಆ ಬಳಿಕವೂ ಅಲ್ಲಲ್ಲಿ ಚಿಗುರುತ್ತಲೇ ಬಂದಿದೆ. ಆದರೆ ಹದಿನೆಂಟನೆಯ ಶತಮಾನದ ಕಾಡುಮೇಡುಗಳಲ್ಲಿ ಬೇಟೆಯ ಮೃಗಗಳಂತೆ ಅಟ್ಟಲ್ಪಟ್ಟ ಪಂಥವು ತಲೆಯಿಲ್ಲದೆಯೂ ಉಳಿದುದು, ಗ್ರಂಥದ ಮುಂದೆ ಸಭೆ ಸೇರಿ ನಿರ್ಣಯಿಸುವ ಪದ್ಧತಿಯಿಂದ. ಕಡಿಯಲು ಒಂದು ತಲೆಯಿದ್ದಿದ್ದರೆ ಆಗಲೇ ಕಡಿಯುತ್ತಿದ್ದರು.

ನಾಂದೇಡದ ಗುರುಸ್ಥಾನಕ್ಕೆ ಮುಂದೆ ಪಂಜಾಬಿನ ಮಹಾರಾಜ ರಣಜಿತಸಿಂಹನು ಈಗಿನ ಮಂದಿರವನ್ನು ಕಟ್ಟಿಸಿದನು. ನಾಂದೇಡವೂ ಬೀದರವೂ ೧೯೫೬ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದುವು. ಎರಡು ಕ್ಷೇತ್ರಗಳ ನಡುವೆ ಯಾತ್ರಿಕರ ಓಡಾಟ ಇಂದಿಗೂ ನಿಂತಿಲ್ಲ. ಆ ಹಾದಿಯಲ್ಲಿ ನಡೆದವರಲ್ಲಿ ಮಾಯಿ ಭಾಗೋ ಒಬ್ಬಳು. ಮುಕ್ತಸರದ ಗಾಯದಿಂದ ಚೇತರಿಸಿಕೊಂಡ ಅವಳು ಗುರುವಿನ ಅಂಗರಕ್ಷಕಳಾಗಿ ನಾಂದೇಡದವರೆಗೂ ಬಂದಿದ್ದಳು. ಗುರುಗಳು ಹೋದ ಮೇಲೆ ಪಂಜಾಬಿಗೆ ಮರಳಲಿಲ್ಲ; ಸಾಹಿಬಸಿಂಹನು ಬಿಟ್ಟುಹೋದ ಬೀದರದ ಸೀಮೆಗೆ ಬಂದು, ನಗರದಿಂದ ಸುಮಾರು ೧೧ ಕಿ. ಮೀ. ದೂರದ ಜನವಾಡದಲ್ಲಿ ನೆಲೆಸಿ, ವೃದ್ಧಾಪ್ಯದವರೆಗೂ ಧ್ಯಾನದಲ್ಲಿ ಕಳೆದು ಅಲ್ಲಿಯೇ ತೀರಿಕೊಂಡಳು. ಅವಳು ಕುಳಿತ ಸ್ಥಳದಲ್ಲಿ ಒಂದು ಗುರುದ್ವಾರವಿದೆ. ಅದರೊಳಗೆ ಪೀಠದ ಮೇಲಿರುವುದು ಗ್ರಂಥ.